ಮಸೂದ್ ಹಾಜಿಯ ಹಳದಿ ಕ್ರೇನ್

ಹಳೆಯ ಗಾಡಿಗೆ ಬಳಿದ ಹೊಸ ಬಣ್ಣ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಹ್ರೈನಿನ ಸಿತ್ರಾದಲ್ಲಿದ್ದ ಮಸೂದ್ ಹಾಜಿಯ ಯಾರ್ಡಿನಲ್ಲಿ ಆ ಶುಕ್ರವಾರ ಬೆಳಿಗ್ಗೆ ನಿಂತಿದ್ದ ಕ್ರೇನ್ ಲಾರಿ ಅಡಿಯಿಂದ ಮುಡಿಯವರೆಗೆ ಹಳದಿ ಮೆತ್ತಿಕೊಂಡು ಮದುಮಗಳ ಹಾಗೆ ನಿಂತಿತ್ತು. ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಬೆರಳಿಟ್ಟರೆ ಅಂಟುತ್ತಿತ್ತು.

"ಎಷ್ಟು ಚಂದ ಉಂಟಲ್ವಾ ಝಕರಿಯಾ?" ಎಂದರು ಹಸನಬ್ಬ. ಅವರು ನನ್ನ ಭಾವ, ಅಕ್ಕ ಸಾರಮ್ಮನ ಗಂಡ. ಮರ ತೆಗೆಯುವ ಗುತ್ತಿಗೆ ಅವರದ್ದು. ಕ್ರೇನಿನ ಸೀಟಿನಲ್ಲಿ ಕೂತು ಲಿವರ್ ಎಳೆಯುವವನು ನಾನು.

"ಚಂದ ನೋಡ್ಲಿಕ್ಕೆ ಇದು ಹೆಣ್ಣಲ್ಲ ಭಾವ. ಮರ ಎತ್ಲಿಕ್ಕೆ ತಗೊಳ್ಳೋದು" ಎಂದೆ.

"ಮೆಲ್ಲ ಮಾತಾಡು ಮಾರಾಯ. ಹಾಜಿಯವರು ಅಲ್ಲೇ ಇದ್ದಾರೆ."

ನನಗೆ ಮೆಲ್ಲ ಮಾತಾಡಲು ಬರುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಉಮ್ಮ ಹೇಳಿ ಹೇಳಿ ಸೋತಿದ್ದಳು. ಆದರೆ ಈ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ, ಸಂಪಾದಿಸಿದ್ದು. ಅದು ಎಲ್ಲಿಂದ ಬಂತೆಂದು ನೋಡಬೇಕಾದರೆ ನಮ್ಮ ಜೊತೆ ಲಾರಿಯಿಂದಿಳಿದ ಅಬ್ದುಲ್ಲನ ಎಡಗೈ ನೋಡಿದರೆ ಸಾಕಿತ್ತು. ಆ ಕೈಯಲ್ಲಿ ಮೂರೇ ಬೆರಳು.

ಅಬ್ದುಲ್ಲ ಬುದಯ್ಯದವನು, ಅಲ್ಲಿಯ ಖರ್ಜೂರದ ತೋಟಗಳ ನಡುವೆಯೇ ಹುಟ್ಟಿ ಬೆಳೆದ ಬಹ್ರೈನಿ. ಸೊಂಟಕ್ಕೆ ಹಗ್ಗದ ಪಟ್ಟಿ ಬಿಗಿದುಕೊಂಡು ನಲವತ್ತು ಅಡಿಯ ಮರವನ್ನು ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತಿದ್ದ. ಆಗ ಬುದಯ್ಯದ ತೋಟಗಳು ಒಂದೊಂದಾಗಿ ಹೋಗುತ್ತಿದ್ದವು. ನೀರಿನ ಒರತೆ ಬತ್ತಿತ್ತು, ಮರದ ತಲೆ ಒಣಗಿತ್ತು, ತೋಟದ ಜಾಗದಲ್ಲಿ ಕಾಂಪೌಂಡ್ ಕಟ್ಟಿ ಮನೆಗಳನ್ನು ಎಬ್ಬಿಸುತ್ತಿದ್ದರು. ಮನೆಗಳ ನಡುವೆ ನಿಂತ ಮರವನ್ನು ಹಾಗೆಯೇ ಕಡಿದು ಉರುಳಿಸುವಂತಿಲ್ಲ. ಅಬ್ದುಲ್ಲ ಮೇಲೆ ಹತ್ತಿ ಮರಕ್ಕೆ ಕ್ರೇನಿನ ಪಟ್ಟಿ ಕಟ್ಟಬೇಕು, ನಾನು ಕ್ರೇನಿನಿಂದ ಮರವನ್ನು ಹಿಡಿದುಕೊಳ್ಳಬೇಕು, ಆಮೇಲೆ ಅವನು ಇಳಿದು ಬಂದು ಬುಡ ಕೊಯ್ಯಬೇಕು. ಕೊಯ್ಯುವಷ್ಟು ಹೊತ್ತೂ ಆ ಮರ ನನ್ನ ಕೈಯಲ್ಲಿರುತ್ತದೆ, ಅವನು ಅದರ ಕೆಳಗಿರುತ್ತಾನೆ.

ಹಿಂದಿನ ವರ್ಷ, ಎಂಬತ್ತೆರಡರಲ್ಲಿ, ನಾವು ಬಾಡಿಗೆಗೆ ತಂದ ಕ್ರೇನ್ ಒಂದಿತ್ತು. ಅದರ ಯಜಮಾನ "ನಿನ್ನೆಯೇ ಟೆಸ್ಟ್ ಮಾಡಿದ್ದೇವೆ" ಎಂದ. ನಾನು ನಂಬಿದೆ. ಮರ ಹಿಡಿದುಕೊಂಡು ನಿಂತಿದ್ದ ಕ್ರೇನ್, ನಾನು ಯಾವ ಲಿವರೂ ಮುಟ್ಟದೆ, ಸದ್ದಿಲ್ಲದೆ ನಾಲ್ಕು ಬೆರಳಿನಷ್ಟು ಕೆಳಗಿಳಿಯಿತು. ಅಬ್ದುಲ್ಲನ ಎಡಗೈ ಆಗ ಬುಡಕ್ಕೂ ಕಾಂಡಕ್ಕೂ ನಡುವೆ ಇತ್ತು. ಅವನು ಆಸ್ಪತ್ರೆಯಲ್ಲಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. ಇನ್ನು ಮೇಲೆ ನಾನೇ ಪರೀಕ್ಷೆ ಮಾಡದ ಕ್ರೇನಿನ ಕೆಳಗೆ ನಿನ್ನನ್ನು ನಿಲ್ಲಿಸುವುದಿಲ್ಲ ಎಂದು ಅವನ ಉಳಿದ ಬೆರಳುಗಳನ್ನು ಹಿಡಿದು ಮಾತು ಕೊಟ್ಟಿದ್ದೆ.

ಈಗ ಭಾವ ಸ್ವಂತ ಕ್ರೇನ್ ಕೊಳ್ಳಲು ಹೊರಟಿದ್ದರು. ಅದು ಒಳ್ಳೆಯದೇ. ಆದರೆ ಕೊಡುವವರು ಮಸೂದ್ ಹಾಜಿ. ಉಳ್ಳಾಲದ ಕಡೆಯವರು, ಇಪ್ಪತ್ತು ವರ್ಷಗಳಿಂದ ಬಹ್ರೈನಿನಲ್ಲಿ ಹಳೆ ಯಂತ್ರಗಳ ವ್ಯಾಪಾರ. ಅವರ ಮಗನಿಗೂ ಭಾವನ ಮಗಳು ಹಲೀಮಾಳಿಗೂ ಮದುವೆಯ ಮಾತಾಗಿತ್ತು. ಎರಡು ತಿಂಗಳಲ್ಲಿ ನಿಕಾಹ್. ಹೀಗಾಗಿ ಯಾರ್ಡಿಗೆ ಹೊರಡುವ ಮೊದಲೇ ಭಾವ ನನಗೆ ಬುದ್ಧಿ ಹೇಳಿದ್ದರು.

"ನೋಡು, ಅಲ್ಲಿ ಹೋಗಿ ಬಗ್ಗಿ ಬಗ್ಗಿ ನೋಡೋದು, ಕುಟ್ಟಿ ನೋಡೋದು, ಅದೆಲ್ಲ ಬೇಡ. ನಾಳೆ ಬೀಗರಾಗುವವರು. ದಾನಕ್ಕೆ ಬಂದ ದನದ ಹಲ್ಲು ಎಣಿಸಿದ ಹಾಗೆ ಆಗ್ತದೆ."

"ದಾನ ಎಲ್ಲಿಯದು ಭಾವ? ದುಡ್ಡು ಕೊಟ್ಟು ತಗೊಳ್ಳೋದಲ್ವಾ?"

"ಕೊಡುವುದು ತೆಗೆದುಕೊಳ್ಳುವುದು ಬೇರೆ. ಮರ್ಯಾದೆ ಬೇರೆ."

ನಮ್ಮವರ ಈ ಮರ್ಯಾದೆಗೆ ಬೆಂಕಿ ಬೀಳಲಿ. ಅಂಗಡಿಯಲ್ಲಿ ಮೀನಿನ ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ಕೊಳ್ಳದ ಮನುಷ್ಯ ಭಾವ. ಅಂಥವರು ನೆಂಟಸ್ತಿಕೆಯ ಎದುರು ಹದಿನೈದು ಟನ್ನಿನ ಕ್ರೇನಿಗೆ ಕಣ್ಣು ಮುಚ್ಚಿ ಬಿಸ್ಮಿಲ್ಲಾ ಹೇಳಲು ತಯಾರಾಗಿದ್ದರು.

ನಾನು ಬಗ್ಗಿಯೂ ನೋಡಿದೆ, ಕುಟ್ಟಿಯೂ ನೋಡಿದೆ. ತಂತಿ ಹಗ್ಗದ ಮೇಲೆ ಹತ್ತಿಬಟ್ಟೆ ಎಳೆದೆ, ಮೂರು ಕಡೆ ತುಂಡಾದ ತಂತಿಯ ಎಳೆಗೆ ಬಟ್ಟೆ ಸಿಕ್ಕಿಕೊಂಡಿತು. ಎಷ್ಟು ದೂರಕ್ಕೆ ಎಷ್ಟು ಭಾರ ಎತ್ತಬಹುದು ಎಂದು ಬರೆದಿರುವ ತಗಡು ಕ್ಯಾಬಿನ್ನಿನಲ್ಲಿ ಇರಲಿಲ್ಲ, ಅದರ ನಾಲ್ಕು ಸ್ಕ್ರೂ ತೂತುಗಳಿಗೂ ಬಣ್ಣ ತುಂಬಿದ್ದರು. ಎತ್ತುವ ತೋಳಿನ ಬುಡದಲ್ಲಿ ಬಣ್ಣ ಬೆರಳು ದಪ್ಪ ಕೂತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದೆ. ಒಳಗೆ ಹಳೆ ವೆಲ್ಡಿಂಗಿನ ಗಾಯ. ಮೇಲೆ ಥಳಕು, ಒಳಗೆ ಹುಳುಕು.

"ಏ ಝಕರಿಯಾ, ಹೊಸ ಬಣ್ಣ ಅದು!" ಎಂದು ಮಸೂದ್ ಹಾಜಿ ಕೂಗಿದರು. ಬಿಳಿ ಗಡ್ಡ, ಇಸ್ತ್ರಿಯ ಉದ್ದಂಗಿ, ಕೈಯಲ್ಲಿ ಸದಾ ತಸ್ಬೀಹ್ ಮಣಿ. ಮಾತು ಜೇನು.

"ಬಣ್ಣ ಮರ ಎತ್ತುವುದಿಲ್ಲ ಹಾಜಿಯವರೇ" ಎಂದೆ.

ಭಾವ ನನ್ನ ತೋಳು ಚಿವುಟಿದರು. ನೋಯುವ ಹಾಗೆಯೇ ಚಿವುಟಿದರು.

"ವೆಲ್ಡಿಂಗ್ ಇರಲಿ, ಹಗ್ಗ ಬದಲಾಯಿಸಬಹುದು" ಎಂದೆ. "ನನಗೆ ಒಂದೇ ಪರೀಕ್ಷೆ ಮಾಡ್ಬೇಕು. ಈಗ ಜುಮಾ ನಮಾಜಿಗೆ ಹೋಗ್ಲಿಕ್ಕುಂಟು. ಹೋಗಿ ಬರುವವರೆಗೆ ಇದು ಒಂದು ಮರ ಹಿಡ್ಕೊಂಡು ನಿಲ್ಲಲಿ."

ಇದನ್ನು ನನಗೆ ಕಲಿಸಿದ್ದು ಪಣಂಬೂರಿನ ಬಂದರು ಕೆಲಸದಲ್ಲಿದ್ದ ಉಮ್ಮರ್ ಕುಂಞಿ ಮೇಸ್ತ್ರಿ. ಎಣ್ಣೆಯ ಒತ್ತಡದಲ್ಲಿ ಎತ್ತುವ ಕ್ರೇನ್ ಒಳಗೆ ಸೋರುತ್ತಿದ್ದರೆ ಅದು ಎತ್ತುವಾಗ ಗೊತ್ತಾಗುವುದಿಲ್ಲ, ಹಿಡಿದು ನಿಲ್ಲುವಾಗ ಗೊತ್ತಾಗುತ್ತದೆ. ಭಾರ ಎತ್ತಿ, ಇಂಜಿನ್ ನಿಲ್ಲಿಸಿ, ಅದರ ಕೆಳಗೆ ಒಂದು ಗ್ಲಾಸ್ ಕವುಚಿಟ್ಟು, ನಮಾಜಿಗೆ ಹೋಗಿಬಿಡಬೇಕು. ಭಾರ ಇಳಿದರೆ ಗ್ಲಾಸ್ ಒಡೆಯುತ್ತದೆ. "ನೀನು ಸುಜೂದಿಗೆ ತಲೆ ಬಗ್ಗಿಸುವಾಗ ಕ್ರೇನೂ ಬಗ್ಗಿಸಿತು ಅಂದ್ರೆ ಅದಕ್ಕೆ ಸಲಾಂ ಹೇಳಿ ವಾಪಸ್ ಬಾ. ಅಷ್ಟು ಭಕ್ತಿಯ ಕ್ರೇನ್ ನಮಗೆ ಬೇಡ" ಎನ್ನುತ್ತಿದ್ದರು ಮೇಸ್ತ್ರಿ.

ಹಾಜಿಯವರ ಮುಖ ಸಣ್ಣಗಾಯಿತು. ಆದರೆ ಬೇಡ ಎನ್ನಲಿಲ್ಲ. ನಮ್ಮ ಲಾರಿಯಲ್ಲಿ ತಂದಿದ್ದ ಒಂದು ಟನ್ನಿನ ಖರ್ಜೂರದ ಕಾಂಡಕ್ಕೆ ಅಬ್ದುಲ್ಲ ಪಟ್ಟಿ ಕಟ್ಟಿದ. ನಾನು ಎತ್ತಿ, ಇಂಜಿನ್ ನಿಲ್ಲಿಸಿ, ಯಾರ್ಡಿನ ಚಹಾದ ಗ್ಲಾಸೊಂದನ್ನು ಕೆಳಗೆ ಕವುಚಿಟ್ಟೆ. ಗ್ಲಾಸಿಗೂ ಕಾಂಡಕ್ಕೂ ನಡುವೆ ಬೆರಳಿಟ್ಟು ಅಳೆದೆ. ಸರಿಯಾಗಿ ಮೂರು ಬೆರಳು. ಅಬ್ದುಲ್ಲ ತನ್ನ ಎಡಗೈ ಹಾಕಿ ನೋಡಿ, "ನನ್ನ ಕೈಯ ಅಳತೆಯೇ" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ನಾನು ಮಾಡಿದ ತಪ್ಪು ಒಂದೇ. ಕೀಲಿಯನ್ನು ಅಲ್ಲೇ ಬಿಟ್ಟೆ. ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಲು ಕೈ ಹೋಗಿತ್ತು, ಆದರೆ ಭಾವನ ಮುಖ ನೋಡಿ ಹಿಂದೆ ತೆಗೆದೆ. ನೋಡಿ, ಆ ಮರ್ಯಾದೆ ನನ್ನನ್ನೂ ಬಿಟ್ಟಿರಲಿಲ್ಲ.

ಹಾಜಿಯವರ ಕೆಲಸದವನೊಬ್ಬನನ್ನು ಯಾರ್ಡಿನಲ್ಲಿ ಬಿಟ್ಟು ನಾವು ನಾಲ್ವರೂ ಮಸೀದಿಗೆ ಹೋದೆವು. ಆಗಸ್ಟಿನ ಸಿತ್ರಾ. ಮಸೀದಿಯಿಂದ ಯಾರ್ಡಿಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಗ್ಲಾಸ್ ಒಡೆದಿರಲಿಲ್ಲ. ಭಾವ ದೂರದಿಂದಲೇ ನೋಡಿ "ಅಲ್‌ಹಮ್ದುಲಿಲ್ಲಾ" ಎಂದು ಜೋರಾಗಿ ಹೇಳಿದರು. ಹಾಜಿಯವರು ಮಣಿ ಎಣಿಸುತ್ತಾ ಮುಗುಳ್ನಕ್ಕರು. ನಾನು ಮೊಣಕಾಲೂರಿ ಬೆರಳು ಹಾಕಿದೆ.

ಐದು ಬೆರಳು.

ಇನ್ನೊಮ್ಮೆ ಹಾಕಿದೆ. ಐದು. ನಾಲ್ಕು ಬೆರಳು ಹೋಗಿ ಹೆಬ್ಬೆರಳಿಗೂ ಜಾಗವಿತ್ತು.

"ಭಾವ, ಇದು ಮೇಲೆ ಹೋಗಿದೆ."

"ಕೆಳಗೆ ಬರ್ಲಿಲ್ಲ ಅಲ್ವಾ? ಮತ್ತೆಂತ?"

"ಒಂದು ಟನ್ ಮರ ತನ್ನಷ್ಟಕ್ಕೆ ಮೇಲೆ ಹೋಗ್ತದಾ? ಯಾರೋ ಇಂಜಿನ್ ಶುರು ಮಾಡಿ ಎತ್ತಿದ್ದಾರೆ. ಇಳಿದಿತ್ತು, ಅದಕ್ಕೇ ಎತ್ತಿದ್ದಾರೆ. ಗಡಿಬಿಡಿಯಲ್ಲಿ ಎರಡು ಬೆರಳು ಜಾಸ್ತಿ ಎತ್ತಿದ್ದಾರೆ."

ಹಾಜಿಯವರು ತಕ್ಷಣ, "ನಾನು ನಿಮ್ಮ ಜೊತೆಯೇ ಮಸೀದಿಯಲ್ಲಿದ್ದೆ. ನನ್ನ ಹೆಸರು ಹೇಳ್ಬೇಡ" ಎಂದರು. ನಾನು ಅವರ ಹೆಸರೇ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಯಾರ್ಡಿನಲ್ಲಿ ಉಳಿದಿದ್ದ ಅವರ ಕೆಲಸದವನು ಎಲ್ಲೂ ಕಾಣಲಿಲ್ಲ. ಓಡಿಹೋಗಿ ಇಂಜಿನ್ ಮುಟ್ಟಿದೆ, ಕೈ ಸುಟ್ಟಿತು. ಆದರೆ ಆಗಸ್ಟಿನಲ್ಲಿ ಬಹ್ರೈನಿನ ಕಲ್ಲು ಮುಟ್ಟಿದರೂ ಕೈ ಸುಡುತ್ತದೆ. ಅದನ್ನು ಸಾಕ್ಷಿ ಎಂದರೆ ಯಾರು ಕೇಳುತ್ತಾರೆ?

"ನಿನ್ನ ಬೆರಳು ಒಮ್ಮೆ ದಪ್ಪ, ಒಮ್ಮೆ ಸಪೂರ" ಎಂದರು ಭಾವ. "ಬಿಡು ಝಕರಿಯಾ. ಸೋಮವಾರ ಬುದಯ್ಯದಲ್ಲಿ ಕೆಲಸ ಶುರು. ನಿಂಗೆ ಇದನ್ನು ಓಡಿಸ್ಲಿಕ್ಕೆ ಆಗದಿದ್ರೆ ಹೇಳು, ಬೇರೆ ಜನ ಮಾಡ್ತೇನೆ."

ನಾನು ಅಬ್ದುಲ್ಲನ ಕಡೆ ನೋಡಿದೆ. ಕನ್ನಡ ಅವನಿಗೆ ತಿಳಿಯುತ್ತಿರಲಿಲ್ಲ, ಆದರೆ ಸೋಮವಾರ ಆ ಕ್ರೇನಿನ ಕೆಳಗೆ ನಿಲ್ಲುವವನು ತಾನು ಎಂಬುದು ತಿಳಿದಿತ್ತು. ಅವನು ಮೂರು ಬೆರಳಿನ ಕೈಯಿಂದ ಬೆವರು ಒರೆಸಿಕೊಳ್ಳುತ್ತಿದ್ದ. ನನ್ನ ತಲೆಗೆ ಏನೋ ಏರಿತು.

ಅಷ್ಟರಲ್ಲಿ ಹಾಜಿಯವರ ಮನೆಯಿಂದ ಬಿರಿಯಾನಿ ಬಂದಿತ್ತು. ತಗಡಿನ ಚಪ್ಪರದ ನೆರಳಲ್ಲಿ ಚಾಪೆ ಹಾಸಿ, ನಾಲ್ಕು ಜನ ಒಟ್ಟಿಗೆ ತಿನ್ನುವ ದೊಡ್ಡ ತಾಟಿನಲ್ಲಿ ಬಡಿಸಿಟ್ಟಿದ್ದರು. ಬೀಗರಾಗುವವರು ಒಂದೇ ತಾಟಿನಲ್ಲಿ ಕೈ ಹಾಕುವುದು ನಮ್ಮಲ್ಲಿ ಮಾತು ಗಟ್ಟಿಯಾದ ಲೆಕ್ಕ.

ನಾನು ಕ್ಯಾಬಿನ್ ಹತ್ತಿದೆ. ಇಂಜಿನ್ ಶುರು ಮಾಡಿ, ಕಾಂಡವನ್ನು ಕೂತ ಮನುಷ್ಯನ ತಲೆಯಿಂದ ಎರಡು ಗೇಣು ಎತ್ತರಕ್ಕೆ ಎತ್ತಿದೆ. ನಿಲ್ಲಿಸಿದೆ. ಈ ಸಲ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಇಳಿದು ಬಂದು, ಚಪ್ಪರದ ಅಡಿಯಿಂದ ತಾಟು ಎತ್ತಿಕೊಂಡು ಹೋಗಿ ಕಾಂಡದ ಕೆಳಗೆ ಇಟ್ಟು ಕೂತೆ.

"ಬನ್ನಿ ಹಾಜಿಯವರೇ, ಊಟ ಮಾಡುವ."

"ಬಿಸಿಲಲ್ಲಿ ಯಾರಾದ್ರೂ ಊಟಕ್ಕೆ ಕೂರ್ತಾರಾ?"

"ಮರದ ನೆರಳುಂಟಲ್ಲ. ನಿಮ್ಮದೇ ಕ್ರೇನ್, ನಿಮ್ಮದೇ ಬಿರಿಯಾನಿ. ಗ್ಲಾಸ್ ಒಡೆಯಲಿಲ್ಲ, ಅದು ಇಳಿಯುವುದಿಲ್ಲ ಅಂತ ಆಯ್ತಲ್ವಾ?"

ಅವರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಲೆಕ್ಕ ಅಷ್ಟೇ. ಆದರೆ ಎದ್ದು ಬಂದದ್ದು ಭಾವ. ನನ್ನ ತಲೆಹರಟೆಯಿಂದ ಬೀಗರ ಮುಖ ಕೆಡಬಾರದೆಂದು ಅವರು ನೇರ ಬಂದು ನನ್ನ ಪಕ್ಕ, ಕಾಂಡದ ನಡುಮಧ್ಯದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ನೋಡಿ ಹಾಜಿಯವರೇ, ನಾನು ಕೂತೆ. ನಿಮ್ಮ ಮೇಲೆ ನನಗೆ ನಂಬಿಕೆ ಉಂಟು. ಬನ್ನಿ."

ಹಾಜಿಯವರು ಬಂದರು. ಎಲ್ಲಿ ಕೂತರು ಗೊತ್ತೇ? ತಾಟಿನ ಆಚೆ ಅಂಚಿನಲ್ಲಿ, ಕಾಂಡದ ನೆರಳಿನಿಂದ ಹೊರಗೆ, ಸುಡುವ ಬಿಸಿಲಲ್ಲಿ. ಮಂಡಿ ನೋವು ಎಂದು ಹೇಳಿ ಒಂದು ಕಾಲು ಮಡಚಿ, ಕೈಯನ್ನು ಉದ್ದಕ್ಕೆ ಚಾಚಿ ಅನ್ನ ತೆಗೆದುಕೊಂಡರು.

ಅಬ್ದುಲ್ಲ ಓಡಿ ಬಂದ. "ಹುಚ್ಚು ಹಿಡಿದಿದೆಯಾ ನಿನಗೆ? ಎದ್ದೇಳು! ಅವರನ್ನೂ ಎಬ್ಬಿಸು!" ಎಂದು ಹಿಂದಿಯಲ್ಲಿ ಬೈದ. ಬೆರಳು ಹೋದಾಗ ಬೈಯದವನು ಈಗ ಬೈದ. "ಇದು ನನಗಾಗಿ ಅಂತ ಮಾತ್ರ ಹೇಳಬೇಡ" ಎಂದ. ನಾನು ಅವನ ಕಡೆ ತಿರುಗಲಿಲ್ಲ. ನನ್ನ ಕಣ್ಣು ಹಾಜಿಯವರ ಕೈಯ ಮೇಲಿತ್ತು.

ಒಂದು ತುತ್ತು. ಅವರ ಕಣ್ಣು ತಾಟಿನಲ್ಲಿರಲಿಲ್ಲ, ಮೇಲಿತ್ತು. ಎರಡು. ಭಾವ ಮದುವೆಯ ಹಾಲ್ ವಿಷಯ ಮಾತಾಡುತ್ತಿದ್ದರು. ಮೂರು. ಹಾಜಿಯವರು "ಹೌದು ಹೌದು" ಎಂದರು, ಕಣ್ಣು ಇಳಿಸಲಿಲ್ಲ. ಬಿಸಿಲಿಗೆ ಎಣ್ಣೆ ಕಾದು ನೀರಾಗುತ್ತದೆ, ಸೋರುವ ಕ್ರೇನ್ ಬೇಗ ಇಳಿಯುತ್ತದೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾಲ್ಕು. ಒಂದು ಮಾತು ಹೇಳಿ ಹಾಜಿಯವರೇ, ಎದ್ದೇಳಿ ಹಸನಬ್ಬ ಎಂದು ಒಂದೇ ಒಂದು ಮಾತು, ಎಂದು ಒಳಗೊಳಗೇ ಕೂಗುತ್ತಿದ್ದೆ. ಐದು. ಹೇಳಲಿಲ್ಲ. ಆರು. ನಾಳೆ ಈ ಮನುಷ್ಯನ ಮನೆಗೆ ಹಲೀಮಾ ಹೋಗುತ್ತಾಳೆ. ಏಳು.

ಕಾಂಡದ ಕೆಳಗೆ ಜೋತಾಡುತ್ತಿದ್ದ ಒಣ ನಾರು ಭಾವನ ಟೋಪಿಗೆ ತಾಗಿತು.

ಭಾವನ ಮಾತು ನಿಂತಿತು. ಅವರು ಮೇಲೆ ನೋಡಲಿಲ್ಲ. ಹಾಜಿಯವರ ಮುಖ ನೋಡಿದರು. ಹಾಜಿಯವರ ಎಂಟನೆಯ ತುತ್ತು ಕೈಯಲ್ಲೇ ಇತ್ತು, ಕಣ್ಣು ಭಾವನ ಟೋಪಿಯ ಮೇಲೆ ಅಂಟಿಕೊಂಡಿತ್ತು. ಆ ಕಣ್ಣಿನಲ್ಲಿ ಏನಿತ್ತೋ ಅದನ್ನು ಭಾವ ಓದಿದರು. ಬಾಗಿ ಹೊರಗೆ ಸರಿದರು. ನಾನೂ ಸರಿದೆ. ಅಬ್ದುಲ್ಲ ನನ್ನ ಕಾಲರ್ ಹಿಡಿದು ಎಳೆದದ್ದು ಆಮೇಲೆ ಗೊತ್ತಾಯಿತು.

"ಊಟ ಆಯ್ತು ಹಾಜಿಯವರೇ" ಎಂದರು ಭಾವ. ನಳ್ಳಿಯಲ್ಲಿ ಕೈ ತೊಳೆದರು. ಕ್ರೇನಿನ ಹೆಸರು ಎತ್ತಲಿಲ್ಲ. ಮದುವೆಯ ಹೆಸರೂ ಎತ್ತಲಿಲ್ಲ. ನಾನು ಕೀಲಿಯನ್ನು ಚಾಪೆಯ ಮೇಲೆ ಎಸೆದೆ.

ಅಬ್ದುಲ್ಲನನ್ನು ಬುದಯ್ಯದಲ್ಲಿ ಇಳಿಸಿ ರಿಫಾದಲ್ಲಿದ್ದ ಭಾವನ ಮನೆಯ ಕಡೆ ಲಾರಿ ತಿರುಗಿಸಿದೆವು. ಸುಳ್ಳೇಕೆ, ನನಗೆ ಖುಷಿಯಾಗಿತ್ತು. ಗೆದ್ದವನ ಖುಷಿ. ಸೋಮವಾರ ಅಬ್ದುಲ್ಲ ಆ ಹಳದಿ ಭೂತದ ಕೆಳಗೆ ನಿಲ್ಲುವುದಿಲ್ಲ. ನನ್ನ ಮಾತು ಉಳಿದಿತ್ತು.

ಮನೆಯಲ್ಲಿ ಭಾವ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಮಲಗಿದರು. ಅವರು ಮೇಜಿನ ಮೇಲಿಟ್ಟ ಟೋಪಿಯನ್ನು ಅಕ್ಕ ಎತ್ತಿಕೊಂಡಳು. ಹೆಣಿಗೆಯಲ್ಲಿ ಸಿಕ್ಕಿಕೊಂಡಿದ್ದ ನಾರನ್ನು ಬಿಡಿಸುತ್ತಾ "ಇದೆಂತ ಝಕರಿಯಾ? ಮರ ಹತ್ಲಿಕ್ಕೆ ಶುರು ಮಾಡಿದ್ರಾ ಇವರು?" ಎಂದು ನಕ್ಕಳು.

ನಾನು ಎಲ್ಲ ಹೇಳಿದೆ. ಗ್ಲಾಸು, ಐದು ಬೆರಳು, ತಾಟು. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಅಕ್ಕ ನಗು ನಿಲ್ಲಿಸಿ ಕೇಳಿದಳು.

"ಇವರು ಅದರ ಕೆಳಗೆ ಕೂತದ್ದು ಹಾಜಿಗೆ ಕಾಣ್ತಾ ಇತ್ತಾ?"

"ಕಾಣದೆ ಏನು? ಕಣ್ಣು ಬಿಟ್ಟು ನೋಡ್ತಾ ಇದ್ದ."

"ಇಳಿಯೋದು ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಊಟ ಮಾಡ್ತಾ ಇದ್ದನಾ?"

"ಏಳು ತುತ್ತು ತಿಂದ ಅಕ್ಕ! ಒಂದೆರಡಲ್ಲ, ಏಳು!"

"ಏಳು ಅಂತ ನಿಂಗೆ ಹೇಗೆ ಗೊತ್ತು?"

"ನಾನು ಎಣಿಸಿದೆ."

ಅವಳು ನನ್ನನ್ನೇ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಹಲೀಮಾ ಬಂದು ನಿಂತಿದ್ದಳು. ಆಗ ನನಗೆ ನಾನು ಹೇಳಿದ ಮಾತು ಕೇಳಿಸಿತು.

"ಹಾಜಿಗೆ ಇವತ್ತೇ ಹೇಳಿ ಕಳಿಸ್ತೇನೆ, ನಿಮ್ಮ ಸಂಬಂಧ ಬೇಡ ಅಂತ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ನನ್ನ ಗಂಡನ ತಲೆ ಮೇಲೆ ಮರ ಇಳಿಯುವಾಗ ತುತ್ತು ನುಂಗಿದವನು ಅವನು. ಅವನನ್ನು ಬಿಟ್ಟರೆ ಮುಗೀತು. ಮರ ಇಳಿಯುವಾಗ ತುತ್ತು ಎಣಿಸ್ತಾ ಕೂತವನು ನೀನು. ನೀನು ನನ್ನ ತಮ್ಮ. ನಿನ್ನನ್ನು ಬೇಡ ಅನ್ಲಿಕ್ಕೆ ನಾನು ಎಲ್ಲಿಗೆ ಹೇಳಿ ಕಳಿಸ್ಲಿ?"

ಅಕ್ಕ ಆ ನಾರನ್ನು ನನ್ನ ಅಂಗೈಯಲ್ಲಿಟ್ಟು, ಟೋಪಿ ತೆಗೆದುಕೊಂಡು, ಭಾವ ಮಲಗಿದ್ದ ಕೋಣೆಗೆ ಹೋದಳು.